ಪತ್ರಕ್ಕೆ ತೂಕ ಬೇಕಂತೆ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಬ್ಬರು ಕಳೆದ ತಿಂಗಳು, ಫ್ರೆಂಚ್ ಪತ್ರಗಳನ್ನು ತಿದ್ದಿಕೊಡುವ ನನ್ನ ಬಳಿ ಬಂದರು. ಪ್ರದರ್ಶನವೊಂದರಲ್ಲಿ ಪರಿಚಯವಾಗಿದ್ದ, ಫ್ರಾನ್ಸಿನ ಲಿಯೋಂ ನಗರದ ಕಂಪನಿಯೊಂದರ ಖರೀದಿ ವಿಭಾಗದ ಮಹಿಳೆಗೆ ಇವರೇ ಫ್ರೆಂಚಿನಲ್ಲಿ ಪತ್ರ ಬರೆದು ಕಳಿಸಿದ್ದರು. ಉತ್ತರ ಬಂದದ್ದು ಆಕೆಯಿಂದಲ್ಲ, ಕಂಪನಿಯ ಕಾನೂನು ವಿಭಾಗದಿಂದ. ‘ತಕರಾರು ಯಾವ ವಿಷಯದ್ದೆಂದು ದಯವಿಟ್ಟು ತಿಳಿಸಿ’ ಎಂದು ಕೇಳಿದ್ದರು.

ಪತ್ರ ನೋಡಿದೆ. ಮೊದಲ ಸಾಲೇ ‘ಜ ಪ್ರಾಂ ಲಾತಾಶ್ ದ ವೂ’. ಎಲ್ಲಿ ಸಿಕ್ಕಿತು ಎಂದು ಕೇಳಿದರೆ, ಸಂಪರ್ಕಿಸುವುದಕ್ಕೆ ಗೌರವದ ಮಾತು ಬೇಕೆಂದು ಮೊಬೈಲಿನಲ್ಲಿ ಹುಡುಕಿದರಂತೆ, ಪಟ್ಟಿಯಲ್ಲಿ ಎಲ್ಲಕ್ಕಿಂತ ಭಾರಿಯಾಗಿ ಕಂಡದ್ದನ್ನು ಆರಿಸಿಕೊಂಡರಂತೆ. “ಪತ್ರಕ್ಕೆ ಸ್ವಲ್ಪ ತೂಕ ಇರಲಿ ಅಂತ, ಮೇಡಂ.”

ಈ ತೂಕದ ಮಾತನ್ನು ಎಷ್ಟು ವರ್ಷದಿಂದ ಕೇಳುತ್ತಿದ್ದೇನೋ ಲೆಕ್ಕವಿಲ್ಲ. ಇಂಟರ್ನ್‌ಶಿಪ್ ಹುಡುಕುವ ವಿದ್ಯಾರ್ಥಿಗಳು, ಕಾಫಿ ರಫ್ತು ಮಾಡುವವರು, ಫ್ರಾನ್ಸಿನ ಪ್ರಾಧ್ಯಾಪಕರಿಗೆ ಬರೆಯುವ ಸಂಶೋಧಕರು, ಎಲ್ಲರದೂ ಅದೇ ಹಂಬಲ. ವ್ಯಾಕರಣ ತಪ್ಪಾದರೆ ತಿದ್ದಬಹುದು. ಆದರೆ ಭಾರವಾದ ಪದವೆಂದರೆ ಹೆಚ್ಚು ಮರ್ಯಾದೆ ಎಂಬ ನಂಬಿಕೆಯನ್ನು ತಿದ್ದುವುದಕ್ಕೆ ನನ್ನಲ್ಲಿ ಕೆಂಪು ಶಾಯಿ ಸಾಲುವುದಿಲ್ಲ.

‘ಪ್ರಾಂದ್ರ್ ಲಾತಾಶ್’ ತಪ್ಪು ಮಾತಲ್ಲ. ‘ಅತಾಶ್’ ಎಂದರೆ ಕಟ್ಟುವ ದಾರ, ನಂಟು. ಇಂಥವರ ‘ಅತಾಶ್’ ಹಿಡಿಯುವುದು ಎಂದರೆ ಅವರೊಡನೆ ಸಂಪರ್ಕ ಸಾಧಿಸುವುದು. ಆದರೆ ಅದು ಕಡತದ ಭಾಷೆ. ಫ್ರಾನ್ಸಿನ ಪೊಲೀಸರು ಬರೆಯುವ ವರದಿಗಳಲ್ಲಿ ಇದರದೇ ಇನ್ನೊಂದು ರೂಪ ಕಾಣುತ್ತದೆ: ‘ಪ್ರನೊಂ ಅತಾಶ್ ತೆಲೆಫೊನಿಕ್ ಅವೆಕ್...’ ಇಂಥ ಅಧಿಕಾರಿಯೊಡನೆ ದೂರವಾಣಿ ಮೂಲಕ ಸಂಪರ್ಕ ಸಾಧಿಸುತ್ತೇವೆ ಎಂದು. ಕರ್ತೃಪದವೂ ಇಲ್ಲ, ಉಸಿರೂ ಇಲ್ಲ. ನಮ್ಮ ಪಂಚನಾಮೆಯ ‘ಸದರಿ ಸ್ಥಳಕ್ಕೆ ತೆರಳಲಾಗಿ’ ಇದೆಯಲ್ಲ, ಅದರ ಖಾಸಾ ತಮ್ಮ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಇಲ್ಲಿಯೇ. ಈ ಮಾತು ಹೆಚ್ಚಾಗಿ ಮೂರನೆಯವರ ಬಗ್ಗೆ. ನಾನು ನಿಮಗೆ ಬರೆಯುತ್ತಾ, ‘ಈ ವಿಷಯವಾಗಿ ನಿಮ್ಮ ಲೆಕ್ಕಪತ್ರ ವಿಭಾಗದವರನ್ನು ಸಂಪರ್ಕಿಸಿದ್ದೇನೆ’ ಎಂದು ತಿಳಿಸುವಾಗ ಅದು ಚೆನ್ನಾಗಿ ಒಪ್ಪುತ್ತದೆ. ಎದುರಿಗಿರುವವರಿಗೇ ಹೇಳಿದರೆ ವಿಚಿತ್ರವಾಗುತ್ತದೆ. ಕನ್ನಡದಲ್ಲಿಯೇ ನೋಡಿ. ‘ಈ ಕುರಿತು ತಹಶೀಲ್ದಾರರನ್ನು ಸಂಪರ್ಕಿಸಲಾಯಿತು’ ಎಂದು ಕಡತದಲ್ಲಿ ಬರೆಯುತ್ತೇವೆ. ತಹಶೀಲ್ದಾರರ ಮೇಜಿನ ಮುಂದೆ ನಿಂತು, ‘ಸ್ವಾಮಿ, ಈ ಮೂಲಕ ತಮ್ಮನ್ನು ಸಂಪರ್ಕಿಸಲಾಗುತ್ತಿದೆ’ ಎಂದರೆ ಅವರು ತಲೆಯೆತ್ತಿ ಮುಖ ನೋಡುತ್ತಾರೆ. ಲಿಯೋಂನ ಆ ಮಹಿಳೆಯೂ ಹಾಗೆಯೇ ನೋಡಿರಬೇಕು. ಜೊತೆಗೆ ‘ದ ವೂ’ ಎಂಬ ಜೋಡಣೆಯೂ ಅಲ್ಲಿ ಸಲ್ಲುವುದಿಲ್ಲ. ಹೇಳಲೇಬೇಕಾದರೆ ‘ವೋತ್ರ್ ಅತಾಶ್’, ಎಂದರೆ ‘ನಿಮ್ಮ ಅತಾಶ್’, ಎನ್ನಬೇಕು.

ಎಲ್ಲ ಕಡೆಯೂ ಇದೇ ನಿಯಮ ಎಂದುಕೊಳ್ಳಬೇಡಿ. ಇಲಾಖೆಯಿಂದ ಇಲಾಖೆಗೆ ಬರೆಯುವ ಫ್ರೆಂಚ್ ಅಧಿಕಾರಿಗಳು ಎದುರಿನವರಿಗೂ ಹಾಗೆ ಬರೆಯುವುದುಂಟು. ಸೆನೆಗಾಲ್‌ನಂಥ ಪಶ್ಚಿಮ ಆಫ್ರಿಕಾದ ದೇಶಗಳ ಕಚೇರಿ ಫ್ರೆಂಚಿನಲ್ಲಿ ಈ ಮಾತು ಚೆನ್ನಾಗಿಯೇ ಓಡಾಡುತ್ತದೆ. ಡಕಾರ್‌ಗೆ ಪತ್ರ ಬರೆಯುವವರಿದ್ದರೆ ನನ್ನ ಕೆಂಪು ಗೆರೆ ಅಷ್ಟು ಗಟ್ಟಿಯಾಗಿರುವುದಿಲ್ಲ.

ಇನ್ನು ಕೆಲವರು ‘ಪ್ರಾಂದ್ರ್ ಲಾಂಗ್’ ಹಿಡಿದುಕೊಂಡು ಬರುತ್ತಾರೆ. ಅಕ್ಷರಶಃ ‘ನಾಲಿಗೆ ಹಿಡಿಯುವುದು’. ನನಗೆ ಬಹಳ ಪ್ರೀತಿಯ ಮಾತು. ಹಿಂದೆ ಅದಕ್ಕೆ ವಿಷಯ ಏನು, ಎದುರಿನವರ ಮನಸ್ಸು ಹೇಗಿದೆ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಎಂಬ ಅರ್ಥವಿತ್ತು. ಈಗ ಮಾತುಕತೆಗೆ ದಾರಿ ತೆರೆಯುವುದಕ್ಕೆ ಹೇಳುತ್ತಾರೆ, ಅದೂ ರಾಜತಾಂತ್ರಿಕ ಸುದ್ದಿಗಳಲ್ಲಿಯೇ ಜಾಸ್ತಿ. ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು 1788ರಲ್ಲಿ ತುಲೋಂ ಬಂದರಿನಲ್ಲಿ ಇಳಿದು, ಆಗಸ್ಟ್‌ನಲ್ಲಿ ವರ್ಸಾಯ್ ಅರಮನೆಯಲ್ಲಿ 16ನೇ ಲೂಯಿಯನ್ನು ಕಂಡರಲ್ಲ, ಅದಕ್ಕೆ ಈ ಮಾತು ಸರಿಯಾಗಿ ಒಪ್ಪುತ್ತದೆ. ಬೇಸಿಗೆ ರಜೆಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಕೇಳುವ ಹುಡುಗನಿಗೆ ಒಪ್ಪುವುದಿಲ್ಲ. ಅವನ ಹಿಂದೆ ಶ್ರೀರಂಗಪಟ್ಟಣವಿಲ್ಲ.

ಹಾಗಾದರೆ ಏನು ಬರೆಯಬೇಕು? ‘ಜ ಮ ಪೆರ್ಮೆ ದ ವೂ ಕೊಂತಾಕ್ತೇ’. ನಿಮ್ಮನ್ನು ಸಂಪರ್ಕಿಸುವ ಸಲುಗೆ ತೆಗೆದುಕೊಳ್ಳುತ್ತಿದ್ದೇನೆ ಎಂದು. ಪರಿಚಯವಿಲ್ಲದವರಿಗೆ ಬರೆಯುವ ಹತ್ತರಲ್ಲಿ ಒಂಬತ್ತು ಪತ್ರಗಳಿಗೆ ಇಷ್ಟು ಸಾಕು. ಅಲ್ಲಿ ಮರ್ಯಾದೆಯ ಕೆಲಸ ಮಾಡುತ್ತಿರುವುದು ‘ಕೊಂತಾಕ್ತೇ’ ಅಲ್ಲ. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ‘ಒಳಗೆ ಬರಬಹುದೇ’ ಎಂದು ಕೇಳಿದಂತಿರುವ ಆ ‘ಜ ಮ ಪೆರ್ಮೆ’. ಮುಂದೆ ‘ಜ ಸುಯೆತ್ರೆ’ ಎಂದು ಬಯಕೆಯನ್ನು ಅರ್ಧ ದನಿಯಲ್ಲಿ ಹೇಳಿದರಾಯಿತು. ಕನ್ನಡದವರಿಗೆ ಇದು ಕಷ್ಟವಾಗಬಾರದು. ‘ಬರುತ್ತೀಯಾ’ ಎನ್ನುವುದನ್ನು ‘ಬರುವಿರಾ’ ಮಾಡಿ, ‘ತಾವು ಬರಬಹುದೇ’ ಎಂದು ಇನ್ನೂ ಒಂದು ಮೆಟ್ಟಿಲು ಏರಿಸುವವರು ನಾವು. ಕ್ರಿಯಾಪದದ ಬಾಲ ಬದಲಾಯಿತೇ ಹೊರತು ಭಾರದ ಪದ ಒಂದೂ ಬರಲಿಲ್ಲ. ಅಂದ ಹಾಗೆ, ‘ಕೊಂತಾಕ್ತೇ’ ಪಕ್ಕದಲ್ಲಿ ‘ಅವೆಕ್’ ಹಾಕಬೇಡಿ. ‘ನಿಮ್ಮ ಜೊತೆ ಸಂಪರ್ಕ’ ಎನ್ನುವ ನಮ್ಮ ಅಭ್ಯಾಸ ಅಲ್ಲಿ ನುಸುಳುತ್ತದೆ.

ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ಇದೆ. ಮೈಸೂರಿನ ಹುಡುಗಿಯೊಬ್ಬಳು ಫ್ರಾನ್ಸಿಗೆ ಓದಲು ಹೋಗಿ ಬಾಡಿಗೆ ಕೋಣೆ ಹಿಡಿದಿದ್ದಳು. ಸ್ನಾನದಮನೆಯ ನೀರು ಸೋರಿ ಕೆಳಗಿನವರ ಚಾವಣಿ ಹಾಳಾಯಿತು. ಅಲ್ಲಿ ಬಾಡಿಗೆದಾರರಿಗೆ ಮನೆ ವಿಮೆ ಕಡ್ಡಾಯ. ಹಾಗಾಗಿ ‘ನಿಮ್ಮ ವಿಮೆಯವರಿಗೆ ರಾಪ್ರೊಶೇ ಆಗಿ’ ಎಂದು ಪತ್ರ ಬಂತು. ನಿಘಂಟಿನಲ್ಲಿ ಅದಕ್ಕೆ ‘ಹತ್ತಿರಕ್ಕೆ ಸರಿಯುವುದು’ ಎಂದಿದೆ. ವಿಮೆ ಕಚೇರಿ ಇನ್ನೊಂದು ಊರಿನಲ್ಲಿತ್ತು. “ಆಂಟಿ, ನಾನು ಮನೆ ಬದಲಾಯಿಸಬೇಕೇ?” ಎಂದು ರಾತ್ರಿ ಹನ್ನೊಂದಕ್ಕೆ ಫೋನು. ಒಂದು ಇಮೇಲ್ ಕಳಿಸಿದರೆ ಸಾಕು ಮಗಳೇ, ಅದರರ್ಥ ಅಷ್ಟೇ ಎಂದೆ. ನಕ್ಕಳು, ಆಮೇಲೆ ಸ್ವಲ್ಪ ಅತ್ತಳು. ಪಾಪ, ಮನೆ ಬಿಟ್ಟು ಮೂರು ವಾರವಾಗಿತ್ತು.

ಪೀಣ್ಯದವರ ಪತ್ರವನ್ನು ಆರು ಸಾಲಿಗೆ ಇಳಿಸಿಕೊಟ್ಟೆ. ಮನಸ್ಸಿಲ್ಲದ ಮನಸ್ಸಿನಿಂದ ತೆಗೆದುಕೊಂಡು ಹೋದರು. ಮೊನ್ನೆ ಅವರದೇ ಫೋನು, ದನಿಯಲ್ಲಿ ಆತಂಕ.

“ಮೇಡಂ, ಆಯಮ್ಮ ಬರೀ ‘ಬೊಂಜೂರ್’ ಎಂದು ಶುರು ಮಾಡಿದ್ದಾರೆ. ಕೊನೆಯಲ್ಲಿಯೂ ‘ಕೊರ್ದಿಯಾಲ್ಮಾಂ’ ಅಷ್ಟೇ. ಕೋಪ ಇನ್ನೂ ಹೋಗಿಲ್ಲವೇನೋ?”

“ನಡುವೆ ಏನಿದೆ?”

“ದರಪಟ್ಟಿ ಕಳಿಸಿ ಎಂದಿದ್ದಾರೆ.”

“ಕಳಿಸಿದಿರಾ?”

“ಇಲ್ಲ ಮೇಡಂ, ಅದರ ಜೊತೆಗೆ ಇಡಲು ಒಂದು ಒಳ್ಳೆಯ ಪತ್ರ ಬರೆಸೋಣ ಎಂದು ನಿಮಗೇ ಫೋನು ಮಾಡಿದೆ.”