ಸ್ನಾಯು ಹರಿದಾಗ ಬರುವ ಊತ: ಇಳಿಸಬೇಕೇ, ಬಿಡಬೇಕೇ?

ಪ್ರಶ್ನೆ: ಕಬಡ್ಡಿ ಆಡುವಾಗ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಊದಿಕೊಂಡಿತೆಂದು ಅಂದೇ ನೋವಿನ ಮಾತ್ರೆ ನುಂಗಿದೆ. ಊತ ಇಳಿಸಿದರೆ ಸ್ನಾಯು ಕೂಡಿಕೊಳ್ಳುವುದಿಲ್ಲ ಎಂದು ತಂಡದವರೊಬ್ಬರು ಹೇಳುತ್ತಿದ್ದಾರೆ. ನಿಜವೇ?

ಉತ್ತರ: ಅವರ ಮಾತಿನಲ್ಲಿ ಸಾಕಷ್ಟು ಸತ್ಯವಿದೆ. ಹಾಗೆಂದು ಒಂದೆರಡು ಮಾತ್ರೆ ನುಂಗಿದ್ದಕ್ಕೆ ನೀವು ಹೆದರಬೇಕಾಗಿಲ್ಲ. ಊತ ಬರುವುದು ಎಷ್ಟು ಮುಖ್ಯವೋ, ಹೊತ್ತಿಗೆ ಸರಿಯಾಗಿ ಹೋಗುವುದೂ ಅಷ್ಟೇ ಮುಖ್ಯ. ಏಕೆಂದು ತಿಳಿಯಬೇಕಾದರೆ ನಿಮ್ಮ ಸ್ನಾಯುವಿನೊಳಗೆ ವರ್ಷಗಟ್ಟಲೆ ಮಲಗಿರುವ ಒಂದು ಪುಟ್ಟ ಕೋಶವನ್ನು ಪರಿಚಯ ಮಾಡಿಕೊಳ್ಳಬೇಕು.

ಸ್ನಾಯುವಿನ ಒಂದೊಂದು ಎಳೆಯೂ ಒಂದೊಂದು ಉದ್ದನೆಯ ಕೋಶ. ಅದರಲ್ಲಿ ನೂರಾರು ಕೋಶಕೇಂದ್ರಗಳಿದ್ದರೂ ಅವು ಮತ್ತೆ ವಿಭಜನೆಯಾಗುವುದಿಲ್ಲ. ಆದ್ದರಿಂದ ಹರಿದು ನಾಶವಾದ ಎಳೆ ತಾನಾಗಿ ಮರುಹುಟ್ಟು ಪಡೆಯಲಾರದು. 1961ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಎಳೆಯ ಮೈಗೂ ಅದರ ಹೊರಹೊದಿಕೆಗೂ ನಡುವೆ ಸಿಕ್ಕಿಸಿಟ್ಟಂತಿದ್ದ ಕೋಶಗಳು ಕಣ್ಣಿಗೆ ಬಿದ್ದವು. ಎಳೆಯ ಅಂಚಿಗೆ ಅಂಟಿಕೊಂಡಿದ್ದ ಅವನ್ನು ಅವರು ಉಪಗ್ರಹ ಕೋಶಗಳೆಂದು ಕರೆದರು. ಅವೇ ಸ್ನಾಯುವಿನ ಕಾಂಡಕೋಶಗಳು, ಅಂದರೆ ಬೇಕಾದಾಗ ವಿಭಜನೆಯಾಗಿ ಹೊಸ ಎಳೆಗಳನ್ನು ಕಟ್ಟಬಲ್ಲ ಮೂಲ ಕೋಶಗಳು. ಅವುಗಳ ಶಕ್ತಿ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. 2005ರಲ್ಲಿ ಲಂಡನ್ನಿನ ಸಂಶೋಧಕರು ಒಂದು ಎಳೆಯನ್ನು, ಅದಕ್ಕಂಟಿದ ಸುಮಾರು 7 ಕಾಂಡಕೋಶಗಳ ಸಮೇತ, ಇಲಿಯ ಸ್ನಾಯುವಿನೊಳಗೆ ಕಸಿ ಮಾಡಿದರು. ಅಷ್ಟರಿಂದಲೇ 100ಕ್ಕೂ ಹೆಚ್ಚು ಹೊಸ ಎಳೆಗಳು ಹುಟ್ಟಿದವು. ಈ ಕೋಶಗಳನ್ನು ತೆಗೆದುಹಾಕಿದ ಇಲಿಗಳಲ್ಲಿ ಗಾಯಗೊಂಡ ಸ್ನಾಯು ಮತ್ತೆ ಬೆಳೆಯಲೇ ಇಲ್ಲ ಎಂಬುದೂ 2011ರಲ್ಲಿ ಖಚಿತವಾಯಿತು.

ಇನ್ನು ಊತದ ವಿಷಯ. ಪೆಟ್ಟು ಬಿದ್ದ ಕೆಲವೇ ಗಂಟೆಗಳಲ್ಲಿ ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಗಾಯದೊಳಗೆ ನುಗ್ಗುತ್ತವೆ. ಅವುಗಳ ಬೆನ್ನಿಗೇ ಬರುವ ಭಕ್ಷಕ ಕೋಶಗಳು ಸತ್ತ ಎಳೆಗಳ ಚೂರುಗಳನ್ನು ನುಂಗಿ ಜಾಗ ತೆರವು ಮಾಡುತ್ತವೆ. ನೀವು ಮುಟ್ಟಿ ನೋಡಿದಾಗ ತಿಳಿಯುವ ಬಿಸಿ, ಬಿಗಿತ, ನೋವು ಈ ಕೆಲಸದ ಹೊರಗುರುತು. ಇದನ್ನೇ ಉರಿಯೂತ ಎನ್ನುತ್ತೇವೆ. ಕಾಂಡಕೋಶಗಳು ಎದ್ದು ಸಂಖ್ಯೆ ಹೆಚ್ಚಿಸಿಕೊಳ್ಳಲು ಪ್ರಚೋದನೆ ಸಿಗುವುದೂ ಇಲ್ಲಿಂದಲೇ. ಒಂದೆರಡು ದಿನ ಕಳೆಯುತ್ತಿದ್ದಂತೆ ಚೂರು ನುಂಗಿದ ಅದೇ ಭಕ್ಷಕ ಕೋಶಗಳು ಸ್ವಭಾವ ಬದಲಿಸಿ, ಉರಿ ಆರಿಸುವ, ಹೊಸ ಎಳೆ ಕಟ್ಟಲು ನೆರವಾಗುವ ಸಂಕೇತಗಳನ್ನು ಕೊಡತೊಡಗುತ್ತವೆ. ಪ್ಯಾರಿಸ್‌ನ ಸಂಶೋಧಕರು 2007ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿಕೊಟ್ಟರು.

ಆದರೆ ಇಲ್ಲೊಂದು ತೊಡಕಿದೆ. ಉರಿಯೂತದ ಸಂಕೇತಗಳೆಲ್ಲವೂ ಕಾಂಡಕೋಶಕ್ಕೆ ಅನುಕೂಲವಾದವಲ್ಲ, ಕೆಲವು ಅದನ್ನು ಮಲಗಿದಲ್ಲೇ ಹಿಡಿದಿಡುತ್ತವೆ. ಹಾಗಿದ್ದರೆ ಅಷ್ಟು ಗದ್ದಲದ ನಡುವೆ ಅದು ಏಳುವುದು ಹೇಗೆ? 2022ರಲ್ಲಿ ಕೆನಡಾದ ಒಟ್ಟಾವಾದ ಸಂಶೋಧಕರು ಒಂದು ಸೊಗಸಾದ ಉತ್ತರ ಕಂಡುಕೊಂಡರು. ಮಲಗಿರುವ ಕಾಂಡಕೋಶದಲ್ಲಿ ಎಚ್‌ಎಎಸ್2 ಎಂಬ ವಂಶವಾಹಿಗೆ ರಾಸಾಯನಿಕ ಬೀಗ ಬಿದ್ದಿರುತ್ತದೆ. ಸ್ನಾಯುವಿಗೆ ಗಾಯವಾದಾಗ ಜೆಎಂಜೆಡಿ3 ಎಂಬ ಕಿಣ್ವ ಆ ಬೀಗವನ್ನು ತೆಗೆಯುತ್ತದೆ. ಆಗ ಕೋಶ ಹೈಲುರಾನಿಕ್ ಆಮ್ಲವನ್ನು ತಯಾರಿಸಿ ತನ್ನ ಸುತ್ತ ಲೇಪಿಸಿಕೊಳ್ಳುತ್ತದೆ. ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಯ ಮೇಲೆ, ಸವೆದ ಮಂಡಿಗೆ ಕೊಡುವ ಇಂಜೆಕ್ಷನ್ನಿನ ಚೀಟಿಯ ಮೇಲೆ ನೀವು ಈ ಹೆಸರನ್ನು ಓದಿರಬಹುದು. ನೀರು ಹೀರಿ ಲೋಳೆಯಾಗುವ ವಸ್ತು ಅದು. ಆ ಲೇಪದ ನಡುವೆ ನಿಂತ ಕೋಶಕ್ಕೆ ತಡೆಯುವ ಸಂಕೇತಗಳ ಕಾಟ ತಗ್ಗುತ್ತದೆ. ಅದು ಏಳುತ್ತದೆ, ಕೆಲಸಕ್ಕೆ ತೊಡಗುತ್ತದೆ. ಈ ಕಿಣ್ವವಿಲ್ಲದ ಕಾಂಡಕೋಶಗಳಿದ್ದ ಇಲಿಗಳಲ್ಲಿ ಸ್ನಾಯುವಿನ ದುರಸ್ತಿ ಕುಂಠಿತವಾಯಿತು.

ಈ ಸಮತೋಲ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಡುಶೆನ್ ಸ್ನಾಯುಕ್ಷಯ ಎಂಬ ಹುಟ್ಟಿನಿಂದ ಬರುವ ಕಾಯಿಲೆ ಇರುವ ಹುಡುಗರಲ್ಲಿ ಕಾಣುತ್ತೇವೆ. ಅವರ ಎಳೆಗಳು ದಿನವೂ ಹರಿಯುತ್ತವೆ, ಉರಿಯೂತ ಮುಗಿಯುವುದೇ ಇಲ್ಲ. ವರ್ಷಗಳು ಉರುಳಿದಂತೆ ಎಳೆಗಳಿದ್ದ ಜಾಗದಲ್ಲಿ ಗಾಯದ ನಾರು, ಕೊಬ್ಬು ತುಂಬಿಕೊಳ್ಳುತ್ತವೆ. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಅವರಿಗೆ ಕೆಲವು ವರ್ಷಗಳ ನಡಿಗೆಯನ್ನು ಉಳಿಸಿಕೊಡುತ್ತದೆ. ಊತ ಒಳ್ಳೆಯದು ಎಂಬ ಮಾತನ್ನು ಎಲ್ಲರಿಗೂ ಅನ್ವಯಿಸಬಾರದು ಎನ್ನಲು ಇಷ್ಟು ಸಾಕು.

ನಿಮ್ಮ ಮಾತ್ರೆಯ ವಿಷಯಕ್ಕೆ ಬರೋಣ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹವು ಪ್ರೊಸ್ಟಾಗ್ಲಾಂಡಿನ್ ಎಂಬ ಸಂಕೇತಗಳ ತಯಾರಿಯನ್ನು ತಡೆದು ನೋವು ಇಳಿಸುತ್ತವೆ. ಆ ಸಂಕೇತಗಳಲ್ಲಿ ಒಂದಾದ ಪಿಜಿಇ2 ಕಾಂಡಕೋಶಗಳನ್ನು ಹೆಚ್ಚಿಸುತ್ತದೆಂದೂ, ಅದನ್ನು ತಡೆದರೆ ಇಲಿಗಳ ಸ್ನಾಯು ದುರ್ಬಲವಾಗಿ ಕೂಡಿಕೊಳ್ಳುತ್ತದೆಂದೂ ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿಗಳು 2017ರಲ್ಲಿ ವರದಿ ಮಾಡಿದರು. ಮನುಷ್ಯರಲ್ಲಿ ನಡೆದ ಒಂದು ಸ್ವೀಡಿಷ್ ಅಧ್ಯಯನವನ್ನೂ ಹೇಳುತ್ತೇನೆ. 8 ವಾರ ತೂಕ ಎತ್ತುವ ತರಬೇತಿ ಪಡೆದ ಯುವಜನರಲ್ಲಿ, ದಿನಕ್ಕೆ 1,200 ಮಿಲಿಗ್ರಾಂ ಐಬುಪ್ರೊಫೆನ್ ತೆಗೆದುಕೊಂಡವರ ಸ್ನಾಯು ಬೆಳೆದದ್ದು ಅತಿ ಕಡಿಮೆ ಪ್ರಮಾಣದ ಆಸ್ಪಿರಿನ್ ತೆಗೆದುಕೊಂಡವರ ಅರ್ಧದಷ್ಟು ಮಾತ್ರ. ಅದು ವ್ಯಾಯಾಮದ ಲೆಕ್ಕ, ಹರಿದ ಸ್ನಾಯುವಿನದಲ್ಲ. ಆದರೂ ವಾರಗಟ್ಟಲೆ ದಿನವೂ ಇಂತಹ ಮಾತ್ರೆ ನುಂಗಬಾರದು ಎನ್ನಲು ನನಗೆ ಅದು ಸಾಕಾದ ಕಾರಣ. ನೋವು ತಡೆಯಲಾರದಷ್ಟಿದ್ದರೆ ಪ್ಯಾರಸಿಟಮಾಲ್ ಸಾಕಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಅದರಿಂದ ಉರಿಯೂತದ ಮೇಲಾಗುವ ಪರಿಣಾಮ ಕಡಿಮೆ.

ಮೊದಲ ದಿನಗಳಲ್ಲಿ ಬಟ್ಟೆ ಸುತ್ತಿ, ಕಾಲು ಎತ್ತರದಲ್ಲಿಟ್ಟು ಮಲಗಿ. ಎಣ್ಣೆ ಹಚ್ಚಿ ಬಲವಾಗಿ ನೀವಿಸಿಕೊಳ್ಳುವ ಅಭ್ಯಾಸ ನಮ್ಮ ಊರುಗಳಲ್ಲಿದೆ. ಹೊಸ ಗಾಯಕ್ಕೆ ಅದನ್ನು ದಯವಿಟ್ಟು ಮಾಡಿಸಬೇಡಿ. ರಕ್ತಸ್ರಾವ ಹೆಚ್ಚುತ್ತದೆ, ಆಳವಾದ ಪೆಟ್ಟಿದ್ದರೆ ಸ್ನಾಯುವಿನೊಳಗೇ ಮೂಳೆ ಕಟ್ಟುವ ಅಪಾಯವೂ ಇದೆ. ಮೂರ್ನಾಲ್ಕು ದಿನಗಳ ನಂತರ ನೋವಾಗದಷ್ಟು ಮೆಲ್ಲಗೆ ಕಾಲಾಡಿಸಲು ಶುರುಮಾಡಿ. ಎಳೆತ ಬೀಳುವ ದಿಕ್ಕಿಗೆ ಸರಿಯಾಗಿ ಹೊಸ ಎಳೆಗಳು ಸಾಲುಗೂಡಲು ಅದು ಬೇಕು. ಹರಿದ ಜಾಗದಲ್ಲಿ ಬೆರಳಿಗೆ ಹಳ್ಳ ಸಿಕ್ಕರೆ, ಕಾಲೂರಲು ಆಗದಿದ್ದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಕೊನೆಗೆ ಅಂಗಳಕ್ಕೆ ಮರಳುವ ಮಾತು. ಹೊಸದಾಗಿ ಹುಟ್ಟಿದ ಸ್ನಾಯುವಿನ ಎಳೆಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಕೋಶಕೇಂದ್ರ ನಟ್ಟನಡುವೆ ಕಾಣುತ್ತದೆ; ಬಲಿತ ಎಳೆಯಲ್ಲಿ ಅದು ಅಂಚಿನಲ್ಲಿರುತ್ತದೆ. ನೋವು ಮಾಯವಾದ ದಿನವೂ ನಿಮ್ಮ ತೊಡೆಯಲ್ಲಿ ನಡುವೆ ಕೇಂದ್ರವಿರುವ, ಬಲಿಯದ ಎಳೆಗಳು ಇನ್ನೂ ಇರುತ್ತವೆ. ಗಾಯವಾದ ಕಾಲು ಇನ್ನೊಂದು ಕಾಲಿನಷ್ಟೇ ಬಲದಿಂದ, ನೋವಿಲ್ಲದೆ ಓಟ ತಡೆದುಕೊಳ್ಳುವವರೆಗೆ ರೈಡಿಗೆ ಇಳಿಯಬೇಡಿ.