ಚರ್ಚಿನೊಳಗೆ ಆರತಿ: ಈ ಜಗಳ ಎಲ್ಲಿಂದ ಬಂತು?

ಆಗಾಗ ಒಂದು ವಿಡಿಯೊ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಚರ್ಚಿನ ಪೀಠದ ಮುಂದೆ ಸೀರೆ ಉಟ್ಟ ಮೂವರು ಹುಡುಗಿಯರು ಆರತಿ ಎತ್ತುತ್ತಿರುತ್ತಾರೆ. ಒಬ್ಬಳ ತಟ್ಟೆಯಲ್ಲಿ ಹೂವು, ಒಬ್ಬಳ ಕೈಲಿ ಧೂಪ, ಇನ್ನೊಬ್ಬಳ ಕೈಲಿ ದೀಪ. ಹಿಂದೆ ಕಾವಿ ಶಾಲು ಹೊದ್ದ ಫಾದರ್. ‘ಜನರನ್ನ ಮರುಳು ಮಾಡೋಕೆ ನಮ್ಮ ಪೂಜೆಯನ್ನೇ ಕದ್ದಿದ್ದಾರೆ’ ಅಂತ ಒಬ್ಬರು ಬೈಯುತ್ತಾರೆ. ‘ಇದನ್ನು ಮಾಡೋರು ಕ್ರೈಸ್ತರೇ ಅಲ್ಲ’ ಅಂತ ಇನ್ನೊಬ್ಬರು. ಇವರು ಸ್ವತಃ ಕ್ರೈಸ್ತರು. ‘ಮೇಲ್ಜಾತಿಯವರ ಆಚಾರ ನಮಗ್ಯಾಕೆ?’ ಅಂತ ಮತ್ತೊಬ್ಬರು. ಮೂರು ಮಾತೂ ಹಳೆಯವು. ಅವುಗಳ ಹಿಂದಿನ ಕಥೆಯಲ್ಲಿ ದೊಡ್ಡ ಪಾಲು ನಮ್ಮ ಮೈಸೂರು, ಶ್ರೀರಂಗಪಟ್ಟಣದ ಸುತ್ತಮುತ್ತಲೇ ನಡೆದಿದೆ.

ಶುರುವಾದದ್ದು ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ. 1640ರ ದಶಕದ ಕೊನೆಗೆ ಜೆಸ್ವಿತ್ ಅನ್ನುವ ಕಥೋಲಿಕ ಗುರುಗಳ ಸಂಘಕ್ಕೆ ಸೇರಿದ ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದರು, ಕನ್ನಡ ಕಲಿತರು. ಅದಕ್ಕೂ ಮುಂಚೆ ತಮಿಳು ನಾಡಿನ ಮಧುರೆಯಲ್ಲಿ ಅದೇ ಸಂಘದ ರಾಬರ್ಟೊ ಡಿ ನೊಬಿಲಿ ಮಾಡಿದ ಹಾಗೆ ಇಲ್ಲಿನ ಪಾದ್ರಿಗಳೂ ಸಂನ್ಯಾಸಿಗಳ ಉಡುಪು ತೊಟ್ಟು ಓಡಾಡಿದರು. ಇದು ಸರಿಯೋ ತಪ್ಪೋ ಅಂತ ರೋಮಿನಲ್ಲಿ ವರ್ಷಗಟ್ಟಲೆ ವಾದ ನಡೆಯಿತು. 1744ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಇಂಥ ಆಚಾರಗಳಲ್ಲಿ ಬಹುಪಾಲಿಗೆ ತಡೆ ಹಾಕಿದರು. 1773ರಲ್ಲಿ ಜೆಸ್ವಿತ್ ಸಂಘವೇ ಮುಚ್ಚಿತು. ಟಿಪ್ಪು ಬಿದ್ದ ಮೇಲೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಮತ್ತೆ ಇಲ್ಲಿಯ ಬಟ್ಟೆ ತೊಟ್ಟು, ಇಲ್ಲಿಯ ಊಟ ಮಾಡಿ, 1823ರವರೆಗೆ ಈ ದೇಶದಲ್ಲಿದ್ದರು. ಗಂಜಾಂನಲ್ಲಿ ಅವರ ಚರ್ಚು ಈಗಲೂ ಇದೆ. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಅನ್ನುತ್ತಿದ್ದರಂತೆ.

ಆಮೇಲಿನ ಸುಮಾರು ನೂರನಲವತ್ತು ವರ್ಷ ಈ ಪ್ರಶ್ನೆ ಹೆಚ್ಚುಕಡಿಮೆ ಮಲಗಿತ್ತು. ಪ್ರಾಟೆಸ್ಟಂಟರಾದ ವೆಸ್ಲಿಯನ್ ಮಿಷನ್‌ನವರು ಮೈಸೂರಿನಲ್ಲಿ ಶಾಲೆ, ಅಚ್ಚುಕೂಟ, ಆಸ್ಪತ್ರೆ ಅಂತ ಕನ್ನಡದಲ್ಲೇ ಬೇರು ಬಿಟ್ಟರು. ಕಥೋಲಿಕರ ಪೂಜೆ ಮಾತ್ರ ಲ್ಯಾಟಿನ್‌ನಲ್ಲೇ ಉಳಿಯಿತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರ ಹಾಕಿದ ಸಂತ ಫಿಲೋಮಿನಾ ಚರ್ಚು ಎದ್ದದ್ದು ಜರ್ಮನಿಯ ಕೊಲೋನ್ ಕೆಥೆಡ್ರಲ್ ಮಾದರಿಯಲ್ಲಿ. ಆ 175 ಅಡಿಯ ಜೋಡಿ ಗೋಪುರವನ್ನು ಯಾರೂ ಪರದೇಶದ್ದು ಅನ್ನುವುದಿಲ್ಲ. ಅರಮನೆಯ ಪಕ್ಕಕ್ಕೆ ಅದರ ಫೋಟೊ ಇಟ್ಟು ‘ನಮ್ಮ ಮೈಸೂರು’ ಅಂತೀವಿ. ಅದೇ ಸೂರಿನಡಿ ಎಣ್ಣೆ ದೀಪ ಹಚ್ಚಿದರೆ ಪ್ರಶ್ನೆ ಏಳುತ್ತದೆ. ವಿಚಿತ್ರ ಅಲ್ವಾ?

ಎಲ್ಲ ಬದಲಾದದ್ದು 1962ರಿಂದ 65ರವರೆಗೆ ನಡೆದ, ಜಗತ್ತಿನ ಕಥೋಲಿಕ ಬಿಷಪ್‌ಗಳೆಲ್ಲ ಸೇರಿದ ಎರಡನೇ ವ್ಯಾಟಿಕನ್ ಸಮ್ಮೇಳನದಿಂದ. ಆಯಾ ಊರಿನ ಭಾಷೆಯಲ್ಲಿ ಪೂಜೆ ನಡೆಸಬಹುದು ಅಂತಾಯಿತು. ಅಲ್ಲಿಯವರೆಗೆ ಜನರಿಗೆ ಬೆನ್ನು ಹಾಕಿ ಲ್ಯಾಟಿನ್‌ನಲ್ಲಿ ಪೂಜೆ ಮಾಡುತ್ತಿದ್ದ ಗುರುಗಳು ಈ ಕಡೆ ತಿರುಗಿ, ಜನರ ಮುಖ ನೋಡಿ, ಕನ್ನಡದಲ್ಲಿ ಮಾತಾಡಬೇಕಾಯಿತು. ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿಕೊಂಡಿದ್ದ ಹಿರಿಯರಿಗೆ ಖುಷಿಯಾಯಿತು, ಸ್ವಲ್ಪ ದಿಗಿಲೂ ಆಯಿತು.

ಭಾಷೆಯ ಹಿಂದೆಯೇ ರೀತಿರಿವಾಜು ಬಂತು. 1969ರ ಏಪ್ರಿಲ್‌ನಲ್ಲಿ ಭಾರತದ ಚರ್ಚಿಗಾಗಿ ರೋಮ್ 12 ಅಂಶಗಳಿಗೆ ಒಪ್ಪಿಗೆ ಕೊಟ್ಟಿತು. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರಬಹುದು. ಮೊಣಕಾಲೂರುವ ಬದಲು ಕೈಮುಗಿದು ಬಾಗಬಹುದು. ಮೇಣದಬತ್ತಿಯ ಜಾಗದಲ್ಲಿ ಎಣ್ಣೆ ದೀಪ ಇಡಬಹುದು. ಪೂಜೆಯ ಉಡುಪನ್ನು ಸರಳ ಮಾಡಿ ಒಂದು ನಿಲುವಂಗಿ, ಮೇಲೊಂದು ಅಂಗವಸ್ತ್ರ ತೊಡಬಹುದು. ಆರತಿಗೂ ಅವಕಾಶ ಸಿಕ್ಕಿತು.

ಈ ಕೆಲಸದಲ್ಲಿ ಮುಂದೆ ನಿಂತವರು ಪುದುಚೇರಿ ಕಡೆಯ ಕಥೋಲಿಕ ಪಾದ್ರಿ ಡಿ.ಎಸ್. ಅಮಲೋರ್‌ಪವದಾಸ್. ಬೆಂಗಳೂರಿನಲ್ಲಿ ಇದಕ್ಕಾಗಿಯೇ ಒಂದು ರಾಷ್ಟ್ರೀಯ ಕೇಂದ್ರ ಕಟ್ಟಿದ ಅವರು, ನಂತರ ಮೈಸೂರಿಗೆ ಬಂದರು. ಮಾನಸಗಂಗೋತ್ರಿಯಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗ ಶುರುವಾದದ್ದು ಅವರಿಂದ. ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಇಂಥ ವಿಭಾಗ ಇರುವುದು ಸಣ್ಣ ವಿಷಯವಲ್ಲ. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಅವರು ಕಟ್ಟಿದ ಅಂಜಲಿ ಆಶ್ರಮದಲ್ಲಿ ಆ 12 ಅಂಶಗಳು ಬರೀ ಕಾಗದದ ಮೇಲೆ ಉಳಿಯಲಿಲ್ಲ. ನೆಲದ ಮೇಲೆ ಕೂತು ಪ್ರಾರ್ಥನೆ, ಮೌನ, ಧ್ಯಾನ, ಸಸ್ಯಾಹಾರ ಅದೇ ದಿನಚರಿಯಾಯಿತು. ಎಲ್ಲ ಧರ್ಮದವರೂ ಅಲ್ಲಿಗೆ ಬಂದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು.

ವಿರೋಧ ಎಲ್ಲ ಕಡೆಯಿಂದಲೂ ಬಂತು. ಹಳೆಯ ಪದ್ಧತಿಯನ್ನು ಪ್ರೀತಿಸಿದ ಕಥೋಲಿಕರು ಚರ್ಚನ್ನು ದೇವಸ್ಥಾನ ಮಾಡುತ್ತಿದ್ದೀರಿ ಅಂದರು. ಹಿಂದೂ ಬರಹಗಾರರಲ್ಲಿ ಕೆಲವರು ಇದನ್ನು ವೇಷ ಅಂದರು. 2022ರಲ್ಲಿ ಕರ್ನಾಟಕದಲ್ಲಿ ಮತಾಂತರ ತಡೆ ಕಾಯ್ದೆ ಬಂದಾಗ ಆ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಆದರೆ ನಾಟುವ ಪ್ರಶ್ನೆ ಕೇಳಿದವರು ದಲಿತ ಕ್ರೈಸ್ತರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ಈ ಚಿಂತನೆಗೆ ಒಂದು ದಾರಿ ಸಿಕ್ಕಿತು. ಅವರ ಕಡೆಯವರ ವಾದ ಸರಳ. ನೀವು ಭಾರತದ ಸಂಸ್ಕೃತಿ ಅಂತ ಆರಿಸಿಕೊಂಡದ್ದು ಆಶ್ರಮ, ಸಂಸ್ಕೃತ ಮಂತ್ರ, ಕಾವಿ. ಯಾವ ಆಚಾರ ನಮ್ಮನ್ನು ಬಾಗಿಲ ಹೊರಗೆ ನಿಲ್ಲಿಸಿತ್ತೋ ಅದನ್ನೇ ಚರ್ಚಿನೊಳಗೆ ತಂದಿರಿ. ನಮ್ಮ ತಮಟೆ ಎಲ್ಲಿ?

ಇದಕ್ಕೆ ಸರಿಯಾದ ಉತ್ತರ ಇನ್ನೂ ಬಂದಿಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಆರತಿ ಬಂದದ್ದು ಮೇಲಿನಿಂದ. ಹಳ್ಳಿಯವರನ್ನು ಯಾರೂ ಕೇಳಲಿಲ್ಲ. ಅವರು ಯಾರ ಒಪ್ಪಿಗೆಗೂ ಕಾಯದೆ ತಮ್ಮದೇ ರೀತಿ ಮಾಡಿಕೊಂಡಿದ್ದರು. ಮಂಡ್ಯ ಕಡೆಯ ಹಳ್ಳಿ ಚರ್ಚುಗಳಲ್ಲಿ ಚಪ್ಪಲಿ ಹೊರಗೆ ಬಿಟ್ಟು ಬರುವವರಿಗೆ ಅದನ್ನು ಯಾವ ಪಟ್ಟಿಯೂ ಕಲಿಸಿದ್ದಲ್ಲ. ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿ ಜೂನ್ 13ರ ಸಂತ ಅಂತೋನಿಯವರ ಹಬ್ಬಕ್ಕೆ ಹೋಗಿ ನೋಡಿ. 2019ರಲ್ಲಿ ಬಸಿಲಿಕಾ, ಅಂದರೆ ರೋಮ್ ವಿಶೇಷ ಗೌರವ ಕೊಟ್ಟ ಚರ್ಚು, ಅನ್ನಿಸಿಕೊಂಡದ್ದು ಅದು. ತೇರು, ಹೂವಿನ ಹಾರ, ಹರಕೆಯ ಮೇಣದಬತ್ತಿ, ಜಾತಿ ಧರ್ಮ ಕೇಳದ ಜನಜಂಗುಳಿ. ಅಲ್ಲಿ ಯಾರೂ ದೇವಶಾಸ್ತ್ರದ ವಾದ ಮಾಡುವುದಿಲ್ಲ.

ಇನ್ನೊಂದು ಮಾತು. ಫಾದರ್‌ಗಳ ಹತ್ತಿರ, ಸಭಾಪಾಲಕರ ಹತ್ತಿರ ಜನ ತರುವ ಪ್ರಶ್ನೆಗಳು ಆರತಿಯ ಬಗ್ಗೆ ಅಲ್ಲವೇ ಅಲ್ಲ. ಮದುವೆ ಮನೆಯಲ್ಲಿ ಅರಿಶಿನ ಹಚ್ಚಬಹುದಾ ಸ್ವಾಮಿ? ಹಿಂದೂ ಭಾವನ ಮನೆಯಲ್ಲಿ ಹಬ್ಬದೂಟ ಮಾಡಿದರೆ ತಪ್ಪಾ? ಅಪ್ಪನ ಹನ್ನೊಂದನೇ ದಿನಕ್ಕೆ ಎಡೆ ಇಡೋದು ಬೇಡ ಅಂದ್ರೆ ಅಮ್ಮನಿಗೆ ಏನು ಹೇಳಲಿ? ಒಬ್ಬರು ‘ಪರವಾಗಿಲ್ಲಮ್ಮ, ಪ್ರಾರ್ಥನೆ ಮಾಡಿ ಇಡಿ’ ಅನ್ನುತ್ತಾರೆ. ಕೆಲವು ವರ್ಷಕ್ಕೆ ಅವರಿಗೆ ವರ್ಗ ಆಗುತ್ತದೆ. ಹೊಸದಾಗಿ ಬಂದವರು ಖಡಾಖಂಡಿತವಾಗಿ ಬೇಡ ಅನ್ನುತ್ತಾರೆ. ಅದೇ ಮನೆಯಲ್ಲಿ ಅಪ್ಪನಿಗೆ ಇಟ್ಟ ಎಡೆ ಅಮ್ಮನಿಗೆ ಇಲ್ಲ.

ಆ 12 ಅಂಶಗಳನ್ನು ಯಾರೂ ಕಡ್ಡಾಯ ಮಾಡಿಲ್ಲ. ಹಾಗಾಗಿ ಒಂದು ಚರ್ಚಿನಲ್ಲಿ ದೊಡ್ಡ ಹಬ್ಬಕ್ಕೆ ಮಾತ್ರ ಆರತಿ, ಪಕ್ಕದ ಊರಿನಲ್ಲಿ ಅದೂ ಇಲ್ಲ. ಎಡೆ, ಅರಿಶಿನ, ತಮಟೆಯ ವಿಷಯಕ್ಕೆ ಬಂದರೆ ಅಂಥ ಪಟ್ಟಿಯೇ ಇಲ್ಲ. ಒಂದೊಂದು ಊರಿನ ಪಾಲನಾ ಸಮಿತಿಯೂ ತನ್ನ ಜನರನ್ನು, ಅದರಲ್ಲೂ ಹೆಂಗಸರನ್ನು, ಕೂರಿಸಿಕೊಂಡು ಮಾತಾಡಿ, ಒಪ್ಪಿದ್ದನ್ನು ಬರೆದಿಟ್ಟರೆ ಮುಂದೆ ಬರುವ ಗುರುಗಳಿಗೂ ಅನುಕೂಲ. ಇದಕ್ಕೆ ರೋಮಿನ ಒಪ್ಪಿಗೆ ಬೇಕಿಲ್ಲ, ಒಂದು ಭಾನುವಾರ ಪೂಜೆ ಮುಗಿದ ಮೇಲೆ ಶುರು ಮಾಡಬಹುದು.