ಅಳೆದವರು ಮಾತನಾಡಬೇಕೇ?

ನೀರಿನ ರಾಸಾಯನಿಕ ಪರೀಕ್ಷೆ ನನ್ನ ಕೆಲಸ. ವರದಿ ಕೈಗೆ ಸಿಕ್ಕ ಕೂಡಲೇ ಜನ ಕೇಳುವುದು ಒಂದೇ: "ಈ ನೀರು ಕುಡಿಯಬಹುದಾ?" ಅಂಕಿ ಕೊಡುವಲ್ಲಿಗೆ ನಮ್ಮ ಕೆಲಸ ಮುಗಿಯಿತು ಎನ್ನುವ ಸಹೋದ್ಯೋಗಿಗಳಿದ್ದಾರೆ. ಅದಕ್ಕಿಂತ ಜಾಸ್ತಿ ಮಾತನಾಡಿದರೆ ವಿಜ್ಞಾನಿಗಳ ಮೇಲಿನ ನಂಬಿಕೆಯೇ ಹೋಗುತ್ತದೆ ಎಂಬುದು ಅವರ ಭಯ. ಆ ಭಯಕ್ಕೆ ಕಾರಣವಿದೆ. ಆದರೂ ನಾನು ಮಾತನಾಡುವವರ ಕಡೆ.

ಬರೀ ಅಂಕಿ ಕೊಟ್ಟರೆ ಸಾಕು ಎನ್ನುವುದಾದರೆ ಆರ್ಸೆನಿಕ್ ಎಂಬ ವಿಷವಸ್ತುವಿನ ವಿಷಯವನ್ನೇ ನೋಡಿ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. 1993ಕ್ಕೆ ಮುಂಚೆ ಅದು 50 ಇತ್ತು. ಈಗಿನ 10 ಕೂಡ ತಾತ್ಕಾಲಿಕ ಮಿತಿಯೇ. ಅದಕ್ಕಿಂತ ಕೆಳಗೆ ಶುದ್ಧ ಮಾಡುವುದು, ಅಳೆಯುವುದು ಎಷ್ಟು ಕಷ್ಟ ಎಂಬ ಲೆಕ್ಕವೂ ಅದರಲ್ಲಿ ಸೇರಿದೆ. ಹಾಗಾಗಿ 9 ಬಂದ ನೀರಿನಲ್ಲಿ ಅಪಾಯವೇ ಇಲ್ಲ ಎಂದು ಹೇಳಲಾಗದು. ವರದಿ ಓದುವವರಿಗೆ ಇದು ಹೇಗೆ ಗೊತ್ತಾಗಬೇಕು? ನಾವೇ ಹೇಳಬೇಕು, ಅಲ್ವಾ?

ಮಾತು ಫಲ ಕೊಡುವುದೂ ಉಂಟು, ಹಳಿ ತಪ್ಪುವುದೂ ಉಂಟು. ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ 1958ರಲ್ಲಿ ಅಣ್ವಸ್ತ್ರ ಪರೀಕ್ಷೆ ನಿಲ್ಲಿಸಿ ಎಂದು ಸಾವಿರಾರು ವಿಜ್ಞಾನಿಗಳು ಸಹಿ ಮಾಡಿದ ಮನವಿಯನ್ನು ವಿಶ್ವಸಂಸ್ಥೆಗೆ ಕೊಟ್ಟರು. ಆ ಪರೀಕ್ಷೆಗಳಿಂದ ಹರಡಿದ, ವಿಕಿರಣ ಸೂಸುವ ಸ್ಟ್ರಾನ್ಷಿಯಂ-90 ಕ್ಯಾಲ್ಸಿಯಂನಂತೆಯೇ ಹಾಲಿನ ಮೂಲಕ ಮಕ್ಕಳ ಮೂಳೆ, ಹಲ್ಲು ಸೇರುತ್ತಿತ್ತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮಕ್ಕಳ ಹಾಲುಹಲ್ಲುಗಳನ್ನು ಕೂಡಿಸಿ ಅದನ್ನು ಅಳೆದರು. 1963ರಲ್ಲಿ ವಾತಾವರಣದಲ್ಲಿ ಪರೀಕ್ಷೆ ನಡೆಸುವುದನ್ನು ನಿಷೇಧಿಸುವ ಒಪ್ಪಂದವಾಯಿತು. ಪಾಲಿಂಗ್ ಅವರಿಗೆ 1962ರ ಶಾಂತಿ ನೊಬೆಲ್ ಸಂದಿತು.

ಇದೇ ಪಾಲಿಂಗ್ ಆಮೇಲೆ ಭಾರಿ ಪ್ರಮಾಣದ ವಿಟಮಿನ್ ಸಿ ಕ್ಯಾನ್ಸರ್ ರೋಗಿಗಳಿಗೆ ಒಳ್ಳೆಯದು ಎಂದು ಪ್ರಚಾರಕ್ಕಿಳಿದರು. ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆ 1979 ಮತ್ತು 1985ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಲಾಭ ಕಾಣಲಿಲ್ಲ. ಪಾಲಿಂಗ್ ಪಟ್ಟು ಬಿಡಲಿಲ್ಲ. ಹುಮ್ಮಸ್ಸು, ಹೆಸರು ಎರಡೂ ಮೊದಲಿನಷ್ಟೇ ಇದ್ದವು. ಪುರಾವೆ ಮಾತ್ರ ಜೊತೆಗಿರಲಿಲ್ಲ. ಅವರ ಹೆಸರು ನೋಡಿ ನಂಬಿದ ರೋಗಿಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಆದ್ದರಿಂದ ನಾನು ಎರಡು ಮಾತುಗಳನ್ನು ಬೆರೆಸುವುದಿಲ್ಲ. "ಈ ಬಾವಿಯಲ್ಲಿ ಇಷ್ಟು ಆರ್ಸೆನಿಕ್ ಇದೆ. ವರ್ಷಗಟ್ಟಲೆ ಕುಡಿದರೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಬರುವ ಸಂಭವ ಹೆಚ್ಚುತ್ತದೆ." ಇದು ನನ್ನ ವಿದ್ಯೆ ಹೇಳುವ ಮಾತು. "ಈ ಬಾವಿ ಮುಚ್ಚಿ, ಬೇರೆ ನೀರಿಗೆ ಮೊದಲು ಹಣ ಕೊಡಿ." ಇದು ನನ್ನ ನಿಲುವು. ನಿಲುವು ಎಂದು ಬಾಯಿಬಿಟ್ಟು ಹೇಳಿಯೇ ಅದನ್ನು ಮುಂದಿಡುತ್ತೇನೆ. ಪರೀಕ್ಷೆಗೆ ದುಡ್ಡು ಕೊಟ್ಟವರು ಯಾರು ಎಂಬುದನ್ನೂ ಹೇಳುತ್ತೇನೆ.

ಈ ಎರಡನೆಯ ಮಾತಿನಲ್ಲಿ ಆ ಬಾವಿಯ ನೀರು ಸೇದುವವರಿಗೂ ನನ್ನಷ್ಟೇ ಹಕ್ಕಿದೆ. ಬಾವಿ ಮುಚ್ಚಿದ ಮರುದಿನ ಅವರು ಕೆರೆ ನೀರಿಗೆ ಹೋದರೆ ವಾಂತಿಭೇದಿ ಶುರುವಾಗಬಹುದು. ಆರ್ಸೆನಿಕ್ ಕೆಡುಕು ಮಾಡಲು ವರ್ಷಗಳು ಬೇಕು. ಕೊಳಕು ನೀರು ಚಿಕ್ಕ ಮಗುವಿನ ಪ್ರಾಣ ತೆಗೆಯಲು ಕೆಲವೇ ದಿನ ಸಾಕು. ಹತ್ತಿರದಲ್ಲಿ ಬೇರೆ ಯಾವ ನೀರಿದೆ, ಅದು ಎಷ್ಟು ಕೊಳಕು ಎಂಬುದು ನನ್ನ ವರದಿಯಲ್ಲಿ ಇರುವುದಿಲ್ಲ. ಅದಕ್ಕೇ ಬಾವಿ ಮುಚ್ಚಿ ಎಂದು ಪತ್ರ ಬರೆಯುವ ಮುಂಚೆ ಅಲ್ಲಿನವರನ್ನು ಕೇಳುತ್ತೇನೆ, ಆ ಇನ್ನೊಂದು ನೀರನ್ನೂ ಪರೀಕ್ಷೆಗೆ ತರಿಸುತ್ತೇನೆ.